ಅಂಜೂರದಿಂದ ಕಾಲುವೆಯ ತಿರುವಿನವರೆಗೆ

ಐತ್ ಯಾಸೀನ್, ದಾದೆಸ್ ಕಣಿವೆ
ಜನವರಿ 6, 2008

ತಮ್ಮಾ ಮಿಮೂನ್,

ಕೊಡುತ್ತೇವೆ ಎಂದದ್ದು ಏನು, ಕೊಡದೆ ಹೋದದ್ದು ಏನು, ಅದನ್ನು ಮೊದಲು ಬರೆಯುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರ ಆಮೇಲೆ.

ಅಪ್ಪ ನನ್ನನ್ನು ಶಾಲೆಗೆ ಹಾಕುತ್ತೇನೆ ಎಂದಿದ್ದ. ಝಾಯಿದ್ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಮನೆಯಲ್ಲಿ ಉಳಿದೆ. ಮತ್ತೆ ಎಂದ, ನೀನು ಹುಟ್ಟಿದೆ. ಅಮ್ಮನ ಬೆಳ್ಳಿಯ ಸೆರಗುಪಿನ್ನು ನನಗೆ ಎಂದಿದ್ದರು. ಅದು ನಿನ್ನ ಹೆಂಡತಿಯ ಹೆಗಲ ಮೇಲಿದೆ. ಗಂಡನ ಮನೆ ಬಿಟ್ಟು ಬಂದ ದಿನ ಬೇರೆ ಬಾಗಿಲಿನ ಒಂದು ಕೋಣೆ ಕಟ್ಟಿಸಿಕೊಡುತ್ತೇವೆ ಎಂದಿರಿ. ಹತ್ತೊಂಬತ್ತು ವರ್ಷದಿಂದ ಕುರಿಗಳ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೇನೆ. ಊರೊಟ್ಟಿನ ಜಮೀನು ಹಂಚಿದಾಗ ಗಂಡಸಿಗೆ ತಲಾ ಒಂದು ಪಾಲು ಎಂದರು. ಹೆಂಗಸರು ಕೇಳಿದರೆ “ನೋಡೋಣ” ಎಂದರು. ಇನ್ನೂ ನೋಡುತ್ತಿದ್ದಾರೆ.

ಉಳಿದದ್ದು ಒಂದೇ ಮಾತು. ಅಪ್ಪ ಸಾಯುವ ಮುಂಚೆ ಊರ ಯಜಮಾನ ಹಾಜಿ ಬೂಜಮಾನ ಎದುರಿಗೆ ಹೇಳಿದ್ದು: “ಅಂಜೂರದ ಮರದಿಂದ ಕಾಲುವೆಯ ತಿರುವಿನವರೆಗೆ ತೂದಾಳದು.” ಆ ತುಂಡನ್ನು ನಾನು ಅಗೆದಿದ್ದೇನೆ, ಈರುಳ್ಳಿ ಹಾಕಿದ್ದೇನೆ, ಹಸುವಿಗೆ ಹುಲ್ಲು ಬೆಳೆದಿದ್ದೇನೆ. ಕಾಲುವೆಯ ದಂಡೆಯಲ್ಲಿ ಅಮ್ಮನ ಗುಲಾಬಿ ಪೊದೆಗಳನ್ನು ನೋಡಿಕೊಂಡಿದ್ದೇನೆ. ಯಾರೂ ಬೇಡ ಅಂದಿಲ್ಲ. ಯಾರೂ ಬರೆದೂ ಕೊಟ್ಟಿಲ್ಲ.

ಈಗ ನೀನು ಫೋನಿನಲ್ಲಿ, ಆ ತುಂಡಿನ ಮೇಲ್ಗಡೆ ಪರಿಮಳದ ಗುಲಾಬಿಯ ಬೇಲಿ ಹಾಕು ಅನ್ನುತ್ತೀ. ಯಾರ ಹೆಸರಿನ ಬೇಲಿ? ಅದನ್ನು ಕೇಳಿದರೆ “ಆಯ್ತಕ್ಕ ಆಯ್ತಕ್ಕ” ಅನ್ನುತ್ತೀ, ಲೈನು ಕಟ್ಟಾಗುತ್ತದೆ. ಕಾಗದದಲ್ಲಿ ಹೇಳು.

ಇದನ್ನು ನಾನೇ ಬರೆದಿದ್ದೇನೆ. ಹೂವಿನ ಸಹಕಾರ ಸಂಘದಲ್ಲಿ ಮಾಸ್ತರಮ್ಮ ನಜಾತ್ ಮಧ್ಯಾಹ್ನ ನಮಗೆ ಅಕ್ಷರ ಹೇಳಿಕೊಡುತ್ತಾಳೆ. ಒಂದು ಪುಟಕ್ಕೆ ನಾಲ್ಕು ದಿನ ಹಿಡಿಯಿತು. ಹೆಸರಿನ ಪಕ್ಕ ಹೆಬ್ಬೆಟ್ಟನ್ನೂ ಒತ್ತಿದ್ದೇನೆ. “ಎರಡೂ ಇರಲಿ ಕಣೇ, ಒಂದನ್ನ ನಂಬದಿದ್ರೆ ಇನ್ನೊಂದನ್ನ ನಂಬ್ತಾರೆ” ಎಂದಳು ನನ್ನ ಪಕ್ಕ ಕೂತು ಕಲಿಯುವ ಇಜ್ಜಾ ಮುದುಕಿ.

ತೂದಾ, ಬಿಹಿಯ ಮಗಳು


ಕಾಸಾಬ್ಲಾಂಕಾ
ಜನವರಿ 20, 2008

ಪ್ರೀತಿಯ ಅಕ್ಕನಿಗೆ,

ನಿನ್ನ ಅಕ್ಷರ ನೋಡಿ ಕಣ್ಣು ತುಂಬಿ ಬಂತು. ನಮ್ಮ ವಕೀಲರ ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ನಲವತ್ತೇಳನೆಯ ವಯಸ್ಸಿನಲ್ಲಿ ಓದು ಕಲಿತ ಅಕ್ಕ! ಇನ್ನು ಮೇಲೆ ಫೋನು ಬೇಡ. ಪತ್ರವನ್ನೇ ಬರೆ, ಪ್ರತಿಯೊಂದನ್ನೂ ಜೋಪಾನವಾಗಿ ಇಡುತ್ತೇನೆ.

ಆ ತುಂಡು ನಿನ್ನದೇ. ಅದರಲ್ಲಿ ಕೇಳುವುದೇನಿದೆ? ಬೇಲಿ ನೆಟ್ಟವರದು ನೆಲ, ಒಂದು ಹೂಗಾಲ ತಕರಾರಿಲ್ಲದೆ ಕಳೆದರೆ ಮತ್ತೆ ಯಾರೂ ಮಾತಾಡುವಂತಿಲ್ಲ. ಇದು ನಮ್ಮೂರ ಕಟ್ಟಳೆ, ನಿನಗೆ ಗೊತ್ತಿರದ್ದಲ್ಲ. ನಿನ್ನ ಕೈಯಿಂದಲೇ ನೆಡು ಎನ್ನುವುದು ಅದಕ್ಕೇ. ಅಂಜೂರದ ಬುಡದಿಂದ ತಿರುವಿನವರೆಗೆ ನೇರ ಹಗ್ಗ ಎಳೆ. ಇರುವುದರಲ್ಲೇ ಒಳ್ಳೆಯ ಪರಿಮಳದ ಗಿಡ ಆರಿಸು. ಮನೆಗೆ ಬಂದವರು ಬಾಗಿಲಲ್ಲೇ ನಿಂತು ಮೂಸುವಂತಿರಬೇಕು. ನೆಟ್ಟ ಮೇಲೆ ವಿವರವಾಗಿ ಬರೆ.

ಟೈಪು ಮಾಡಿದ್ದಕ್ಕೆ ಬೇಸರ ಬೇಡ. ನನ್ನ ಕೈಬರಹ ನಿನ್ನದಕ್ಕಿಂತ ಕೆಟ್ಟದ್ದು.

ಇಂತಿ,
ನಿನ್ನ ತಮ್ಮ


ಐತ್ ಯಾಸೀನ್
ಫೆಬ್ರವರಿ 11, 2008

ತಮ್ಮಾ ಮಿಮೂನ್,

ನಿನ್ನ ಪತ್ರವನ್ನು ನಜಾತಳಿಂದ ಓದಿಸಿಕೊಳ್ಳಲಿಲ್ಲ, ನಾನೇ ಓದಿದೆ. “ಆ ತುಂಡು ನಿನ್ನದೇ” ಎಂಬ ಸಾಲನ್ನು ಬೆರಳಿಟ್ಟು ಓದಿದೆ. ಟೈಪು ಮಾಡಿದ ಪತ್ರ ನಮ್ಮ ಕೇರಿಯಲ್ಲಿ ಬೇರೆ ಯಾರಿಗೂ ಬಂದಿಲ್ಲ.

ಗಿಡ ಆರಿಸಿದ ಬಗೆ ಹೇಳುತ್ತೇನೆ. ಈಗ ಚಳಿಗಾಲ, ಪೊದೆಗಳೆಲ್ಲ ಬರೀ ಮುಳ್ಳು. ಮೂಸಲು ಒಂದು ಹೂವೂ ಇಲ್ಲ. ಆದರೆ ಹೋದ ಮೇ ತಿಂಗಳಲ್ಲಿ ಒಣಗಿಸಿದ ಮೊಗ್ಗುಗಳನ್ನು ಮೂರು ಮಡಕೆಗಳಲ್ಲಿ ಬೇರೆ ಬೇರೆ ಇಟ್ಟಿದ್ದೆ: ಮಸೀದಿ ದಾರಿಯ ಪೊದೆಯದು ಒಂದು, ಹಾಜಿಯ ಹೊಲದಂಚಿನದು ಒಂದು, ಕಾಲುವೆಯ ದಂಡೆಯ ಅಮ್ಮನದು ಒಂದು. ಹಸಿ ಹೂವು ಮೂಸಿ ಗಿಡ ಆರಿಸುವವರು ಮೋಸಹೋಗುತ್ತಾರೆ. ಹೊತ್ತೇರುವ ಮುಂಚೆ ಮೂಗಿಗೆ ಹಿಡಿದರೆ ಎಲ್ಲ ಹೂವೂ ಘಮಘಮವೇ. ಒಣಗಿ ಒಂಬತ್ತು ತಿಂಗಳಾದ ಮೇಲೂ ಉಳಿದಿದೆಯೇ, ಅದನ್ನು ನೋಡಬೇಕು. ಮಸೀದಿ ದಾರಿಯದು ಹೊಟ್ಟಿನ ವಾಸನೆ. ಹಾಜಿಯದು ಹುಳಿ. ಅಮ್ಮನ ಮಡಕೆಯ ಮುಚ್ಚಳ ತೆಗೆದಾಗ ಇಜ್ಜಾ ಹೊಸಿಲಾಚೆಯಿಂದಲೇ ಕೂಗಿದಳು: “ಏಯ್, ನಿಮ್ಮವ್ವ ಎದ್ದು ಬಂದ್ಲೇನೇ?”

ಬುಡದಲ್ಲಿ ಎದ್ದ ಮರಿಗಳನ್ನು ಬೇರು ಸಮೇತ ಬಿಡಿಸಿದೆ. ಹೆಬ್ಬೆರಳಿನಷ್ಟು ದಪ್ಪನೆಯವು ಮಾತ್ರ. ಅಂಜೂರದಿಂದ ತಿರುವಿಗೆ ನಲವತ್ತೆರಡು ಮೊಳ. ಎರಡು ಮೊಳಕ್ಕೊಂದರಂತೆ ಇಪ್ಪತ್ತೆರಡು ಗಿಡ. ಗೋಡೆಗೆ ಒತ್ತಿ ನೆಟ್ಟರೆ ನೀರು ಮಣ್ಣಿನ ಗೋಡೆಯನ್ನು ತಿನ್ನುತ್ತದೆ, ಅಕ್ರೋಟದ ನೆರಳಲ್ಲಿ ನೆಟ್ಟರೆ ಗಿಡ ಕೊರಗುತ್ತದೆ. ಎರಡರಿಂದಲೂ ದೂರ ಇಟ್ಟಿದ್ದೇನೆ. ಬೆಳಗಿನ ಗಾಳಿ ಬೆಟ್ಟದಿಂದ ಇಳಿಯುತ್ತದಲ್ಲ, ಬೇಲಿ ಮೇಲ್ಗಡೆ ಇದ್ದರೆ ಪರಿಮಳವೆಲ್ಲ ನನ್ನ ಈರುಳ್ಳಿ ಮಡಿಯ ಮೇಲೆ ಬೀಳುತ್ತದೆ. ಒಂದು ಮೊಳ ಆಳ, ಹಳೆಯ ಕುರಿಗೊಬ್ಬರ, ನಮ್ಮ ಸರದಿಯ ನೀರು.

ಅಗೆಯುವಾಗ ಇಜ್ಜಾ ಕಟ್ಟೆಯ ಮೇಲೆ ಕುಳಿತು ಕೆಣಕುತ್ತಿದ್ದಳು. “ನೆಲ ಕೊಡೋ ಗಂಡಸನ್ನ ನಾನು ಇನ್ನೂ ಕಂಡಿಲ್ಲ ಕಣೇ ತೂದಾ. ಹೂವು ಕೊಡೋರ್ನ ಕಂಡಿದೀನಿ, ಅದೂ ಮದುವೆಗೆ ಮುಂಚೆ.”

“ಅವನು ನನ್ನ ಬೆನ್ನ ಮೇಲೆ ಬೆಳೆದವನು” ಎಂದೆ.

“ಬೆನ್ನ ಮೇಲೆ ಬೆಳೆದೋನಿಗೆ ನಿನ್ನ ಮುಖ ಕಂಡಿರಲ್ಲ ಬಿಡು” ಎಂದಳು.

ನಾನು ನಕ್ಕೆ. ನಿನಗೂ ನಗು ಬರಲಿ ಎಂದು ಬರೆದಿದ್ದೇನೆ.

ತೂದಾ, ಬಿಹಿಯ ಮಗಳು


ಕಾಸಾಬ್ಲಾಂಕಾ
ಮಾರ್ಚ್ 2, 2008

ಪ್ರೀತಿಯ ಅಕ್ಕನಿಗೆ,

ಪತ್ರ ತಲುಪಿತು. ಮೂರು ಮಡಕೆಯ ವಿಷಯ ಓದಿ ಅಮ್ಮನ ನೆನಪಾಯಿತು.

ಒಂದು ಸಣ್ಣ ಸಂಗತಿ. ಮುಂದಿನ ಪತ್ರದಲ್ಲಿ “ತಮ್ಮ ಹೇಳಿದಂತೆ, ಅವನು ಹೇಳಿದ ಜಾಗದಲ್ಲಿ ನೆಟ್ಟೆ” ಎಂದು ಒಂದು ಸಾಲು ಸ್ಪಷ್ಟವಾಗಿ ಬರೆ. ನಾಳೆ ನನ್ನ ಹೆಂಡತಿಯ ಕಡೆಯವರು ಬಾಯಿ ತೆಗೆದರೆ, ನಾನೇ ಒಪ್ಪಿ ನೆಡಿಸಿದ್ದು ಎಂದು ತೋರಿಸಬಹುದು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಪೂರ್ತಿ ಹೆಸರು, ತಾರೀಖು, ಹೆಬ್ಬೆಟ್ಟು ಮರೆಯಬೇಡ.

ಇಂತಿ,
ನಿನ್ನ ತಮ್ಮ


ಐತ್ ಯಾಸೀನ್
ಮೇ 9, 2008

ತಮ್ಮಾ ಮಿಮೂನ್,

ನೀನು ಕೇಳಿದ ಸಾಲು ಮೊದಲು: ಅಂಜೂರದಿಂದ ಕಾಲುವೆಯ ತಿರುವಿನವರೆಗಿನ ಗುಲಾಬಿ ಬೇಲಿಯನ್ನು ನನ್ನ ತಮ್ಮ ಮಿಮೂನ್ ಹೇಳಿದಂತೆ, ಅವನು ಹೇಳಿದ ಜಾಗದಲ್ಲಿ ನಾನು ನೆಟ್ಟಿದ್ದೇನೆ. ಕೆಳಗೆ ಹೆಸರು, ಹೆಬ್ಬೆಟ್ಟು ಎರಡೂ ಇವೆ.

ಇಪ್ಪತ್ತೆರಡೂ ಹಿಡಿದವು. ಮೊದಲ ವರ್ಷವೇ ಹೂ ಬಿಡುತ್ತವೆ ಎಂದು ಎಣಿಸಿರಲಿಲ್ಲ. ಒಂಬತ್ತು ಗಿಡ ಹೂ ಬಿಟ್ಟಿವೆ. ಸೂರ್ಯ ಬೆಟ್ಟ ಹತ್ತುವ ಮುಂಚೆ ಎದ್ದು ಕಿತ್ತೆ. ಅಮ್ಮನ ಪೊದೆಗಳ ಹೂವೂ ಸೇರಿ ಸೆರಗು ತುಂಬಿತು. ನನ್ನ ನೆಲದ ಗಡಿಯ ಹೂವು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಹುಟ್ಟಿದ ಮೇಲೆ ಇದೇ ಮೊದಲು.

ಮೊನ್ನೆ ನಿನ್ನ ಸ್ನೇಹಿತರು ಬಂದಿದ್ದರು. ಬಿಳಿ ಟೊಪ್ಪಿಗೆಯವರು, ಮರಾಕೇಶಿನವರಂತೆ. ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಮೂಸಿದರು. “ಎಂಥಾ ಜಾಗ, ಎಂಥಾ ಜಾಗ” ಅಂತಲೇ ಇದ್ದರು. ಪುದೀನ ಚಹಾ ಕೊಟ್ಟೆ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಟ್ಟೆ. ಹೋಗುವಾಗ ಬೊಗಸೆ ತುಂಬ ಹೂ ಕೊಟ್ಟೆ. ಹೆಜ್ಜೆ ಹಾಕಿ ಅಂಜೂರದಿಂದ ತಿರುವಿಗೆ ಅಳೆದರು. ಏಕೆ ಎಂದು ಕೇಳಲಿಲ್ಲ. ಅತಿಥಿಯನ್ನು ಕೇಳುವುದು ಚೆಂದವಲ್ಲ.

ಹೂಗಾಲ ಮುಗಿಯುವ ಮುಂಚೆ ಒಮ್ಮೆ ಬಾ. ಇನ್ನು ಎರಡು ವಾರ ಅಷ್ಟೆ.

ತೂದಾ, ಬಿಹಿಯ ಮಗಳು


ಕಾಸಾಬ್ಲಾಂಕಾ
ಅಕ್ಟೋಬರ್ 19, 2008

ಅಕ್ಕನಿಗೆ,

ವಿಷಯ ನೇರವಾಗಿ ಹೇಳುತ್ತೇನೆ. ಮನೆ, ಹಿತ್ತಿಲು, ಕಾಲುವೆಯ ತಿರುವಿನವರೆಗಿನ ತೋಟ ಎಲ್ಲವನ್ನೂ ಪ್ರವಾಸಿಗರ ವಸತಿಗೃಹ ಕಟ್ಟುವವರಿಗೆ ಮಾರಲು ಮಾತಾಡಿದ್ದೇನೆ. ಮೇ ತಿಂಗಳಲ್ಲಿ ಬಂದವರೇ ಅವರು. ನವೆಂಬರ್ 7, ಶುಕ್ರವಾರ, ನಮಾಜಿನ ನಂತರ ಊರ ಸಭೆಯಲ್ಲಿ ಗಡಿಯ ಮಾತು ತೀರ್ಮಾನವಾಗುತ್ತದೆ. ನೀನು ಬರಬೇಕಾಗಿಲ್ಲ. ಹೆಂಗಸರು ಕೂರುವ ಸಭೆಯಲ್ಲ ಎಂದು ನಿನಗೇ ಗೊತ್ತು.

ನಿನ್ನ ವ್ಯವಸ್ಥೆ ಏನು ಎಂಬುದನ್ನು ಆಮೇಲೆ ನೋಡೋಣ.

ಇಂತಿ,
ನಿನ್ನ ತಮ್ಮ


ಐತ್ ಯಾಸೀನ್
ನವೆಂಬರ್ 16, 2008

ಮಿಮೂನ್,

ಸಭೆಯಲ್ಲಿ ನೀನೂ ಇದ್ದೆ, ಹಾಜಿಯ ಬಲಗಡೆ ಕುಳಿತಿದ್ದೆ. ಆದರೆ ನೀನು ನೆಲ ನೋಡುತ್ತಿದ್ದೆ. ಏನು ನಡೆಯಿತು ಎಂದು ತಲೆಯೆತ್ತಿ ನೋಡಿದವಳು ನಾನು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ನಿಂತಿದ್ದೆ. ನನ್ನ ಪಕ್ಕ ಇಜ್ಜಾ. ಹಾಜಿ ಬೂಜಮಾ ನನ್ನ ಪತ್ರ ಬಿಡಿಸಿದ. ಮೂರು ಮಡಕೆಯದು. ಎಲ್ಲ ಗಂಡಸರ ಎದುರು ಅದನ್ನು ರಾಗ ಎಳೆದು ಓದಿದ. “ಬೇಲಿ ಮೇಲ್ಗಡೆ ಇದ್ದರೆ ಪರಿಮಳವೆಲ್ಲ ನನ್ನ ಈರುಳ್ಳಿ ಮಡಿಯ ಮೇಲೆ...” ನಗು. ತನ್ನ ಹೊಲದ ಗುಲಾಬಿ ಹುಳಿ ಎಂದ ಜಾಗ ಬಂದಾಗ ನಗಲಿಲ್ಲ. ಆಮೇಲೆ ಮೇ ತಿಂಗಳ ಪತ್ರ ತೆಗೆದ. “ನನ್ನ ತಮ್ಮ ಮಿಮೂನ್ ಹೇಳಿದಂತೆ, ಅವನು ಹೇಳಿದ ಜಾಗದಲ್ಲಿ.” ಎರಡು ಸಲ ಓದಿದ.

“ಬೇಲಿ ನೆಟ್ಟವರದು ನೆಲ, ಸರಿ” ಎಂದ. “ಆದ್ರೆ ಕೂಲಿಯವನು ನೆಟ್ರೆ? ನೆಡು ಅಂದವನದು. ಇವಳೇ ಬರ್ಕೊಟ್ಟಿದಾಳೆ, ಹೆಬ್ಬೆಟ್ಟೂ ಒತ್ತಿದಾಳೆ. ಒಂದು ಹೂಗಾಲ ಕಳೀತು, ತಕರಾರಿಲ್ಲ. ಇನ್ನೇನು?”

ಹತ್ತೊಂಬತ್ತು ವರ್ಷ ನಾನು ಬರೀ ಅಗೆದೆ. ಅಪ್ಪ ಹೋದ ಮೇಲೂ ಬೇಲಿ ಇಲ್ಲದೆ, ಕಾಗದವಿಲ್ಲದೆ, ಅವನ ಒಂದು ಮಾತಿನ ಮೇಲೆ ಅದು ನನ್ನದಾಗಿಯೇ ಇತ್ತು. ಸುಮ್ಮನಿದ್ದಿದ್ದರೆ ಇಂದಿಗೂ ನನ್ನದೇ. ನಿನ್ನ ಮಾತು ಕೇಳಿ ಬೇಲಿ ನೆಟ್ಟೆ, ಕೂಲಿಯವಳಾದೆ. ನನ್ನ ನೆಲ ಕಿತ್ತುಕೊಳ್ಳಲು ಬೇಕಾದ ಕಾಗದವನ್ನು ನೀನು ನನ್ನ ಕೈಯಿಂದಲೇ ಬರೆಸಿಕೊಂಡೆ. ಅಕ್ಷರ ಕಲಿತಿರದಿದ್ದರೆ ನಿನಗೆ ಅದು ಸಿಗುತ್ತಲೇ ಇರಲಿಲ್ಲ. ಆಮೇಲೆ ತರಗತಿಯಲ್ಲಿ ನಜಾತ್ ಇದನ್ನು ಕೇಳಿ ಕರಿಹಲಗೆಯ ಕಡೆ ತಿರುಗಿ ನಿಂತುಬಿಟ್ಟಳು.

ಸಭೆಯಲ್ಲಿ ನಾನು ಹೊಸಿಲು ದಾಟಿದೆ. ಹೌದು, ದಾಟಿದೆ. “ಅಪ್ಪ ಹೇಳಿದಾಗ ನೀವಿದ್ರಿ ಹಾಜಿ” ಎಂದೆ.

“ಆರು ವರ್ಷದ ಮಾತು ತಾಯೀ. ಮುದುಕನಿಗೆ ಮರೆವು” ಎಂದ.

ನಿನ್ನ ಪತ್ರ ಮುಂದಿಟ್ಟೆ. “ಆ ತುಂಡು ನಿನ್ನದೇ ಅಂತ ನನ್ನ ತಮ್ಮ ಬರೆದಿದಾನೆ, ಓದಿ.”

ಅವನು ಕಾಗದ ತಿರುಗಿಸಿ ನೋಡಿದ. “ಮಷೀನಿನ ಅಕ್ಷರ. ಹೆಸರಿಲ್ಲ, ರುಜು ಇಲ್ಲ. ‘ನಿನ್ನ ತಮ್ಮ’ ಅಂತಿದೆ. ಯಾವ ತಮ್ಮ? ನಿಂಗೆ ಇಬ್ರು ತಮ್ಮಂದಿರಲ್ವಾ? ಗಣಿ ಕುಸಿದು ಸತ್ನಲ್ಲ ಝಾಯಿದ್, ಅವನು ಬರೆದಿರ್ಬೇಕು!”

ಛಾವಣಿ ಹಾರುವಂತೆ ನಕ್ಕರು. ಝಾಯಿದನ ಹೆಣ ಹೊತ್ತವರೂ ನಕ್ಕರು. ಹಾಜಿ ನಿನ್ನ ಕಡೆ ತಿರುಗಿ, “ನಿಂದೇನಪ್ಪಾ ಇದು?” ಎಂದು ಕೇಳಿದ. ನೀನು ನೆಲ ನೋಡುತ್ತಲೇ ಹೇಳಿದೆ: “ನಂದಲ್ಲ.”

ನಿನ್ನ ಎಡಗೆನ್ನೆಯ ಮೇಲೆ ಮುಳ್ಳು ಗೀರಿದ ಗುರುತಿದೆ. ಎರಡು ವರ್ಷದವನನ್ನು ಬೆನ್ನಿಗೆ ಕಟ್ಟಿಕೊಂಡು ಹೂ ಕೀಳುವಾಗ ಆದದ್ದು. ಅತ್ತದ್ದು ನೀನು, ಅದಕ್ಕೆ ಹೊಡೆತ ತಿಂದದ್ದು ನಾನು. ಅಂದು ಆ ಗುರುತನ್ನೇ ನೋಡುತ್ತಾ ನಿಂತಿದ್ದೆ. ಇನ್ನೂ ಆಳವಾಗಿ ಗೀರಬೇಕಿತ್ತು.

ತೂದಾ, ಬಿಹಿಯ ಮಗಳು


ಕಾಸಾಬ್ಲಾಂಕಾ
ಡಿಸೆಂಬರ್ 7, 2008

ಅಕ್ಕನಿಗೆ,

ಕೋಪದಲ್ಲಿ ಬರೆದಿದ್ದೀ, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಲೋಕ ನಡೆಯುವುದು ಹೀಗೆಯೇ. ಒಂಟಿ ಹೆಂಗಸು ಅಷ್ಟು ನೆಲ ಇಟ್ಟುಕೊಂಡು ಏನು ಮಾಡುತ್ತೀ?

ನಿನಗೆ ಒಳ್ಳೆಯ ಸುದ್ದಿ ಇದೆ. ವಸತಿಗೃಹದವರು ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಒಪ್ಪಿದ್ದಾರೆ. ನಮ್ಮ ಗುಲಾಬಿ ವರ್ಷಕ್ಕೆ ನಾಲ್ಕೇ ವಾರ ಹೂ ಬಿಡುತ್ತದೆ, ಪ್ರವಾಸಿಗರು ಹನ್ನೆರಡು ತಿಂಗಳೂ ಬರುತ್ತಾರೆ. ಆದ್ದರಿಂದ ಬೇಲಿಯನ್ನೂ ದಂಡೆಯ ಹಳೆಯ ಪೊದೆಗಳನ್ನೂ ಯಂತ್ರದಿಂದ ತೆಗೆಸಿ ದೊಡ್ಡ ಕೆಂಪು ಹೂವಿನ ಕಸಿ ಗಿಡ ಹಾಕಿಸುತ್ತಿದ್ದಾರೆ. ಅದಕ್ಕೆ ವಾಸನೆ ಇಲ್ಲವಂತೆ. ದಿನಾ ಬೆಳಿಗ್ಗೆ ಅತಿಥಿಗಳು ಏಳುವ ಮುಂಚೆ ಆ ಹೂಗಳ ಮೇಲೆ ಗುಲಾಬಿ ನೀರು ಚಿಮುಕಿಸುವುದು ನಿನ್ನ ಕೆಲಸ. ಆಮೇಲೆ ಪಟ್ಟೆ ಕಂಬಳಿ ಹೊದ್ದು ಬುಟ್ಟಿ ಹಿಡಿದು ಬೇಲಿಯ ಪಕ್ಕ ನಿಲ್ಲಬೇಕು. ಅವರು ಫೋಟೋ ತೆಗೆದುಕೊಳ್ಳುತ್ತಾರೆ. ಕುರಿಯ ಕೋಣೆಯಲ್ಲಿ ಸದ್ಯಕ್ಕೆ ಇರಬಹುದು.

ಬೇಡ ಎನ್ನಬೇಡ. ಬೇರೆ ಯಾರು ನಿನ್ನನ್ನು ಇಟ್ಟುಕೊಳ್ಳುತ್ತಾರೆ?

ಇಂತಿ,
ನಿನ್ನ ತಮ್ಮ


ಐತ್ ಯಾಸೀನ್
ಜನವರಿ 4, 2009

ಮಿಮೂನ್, ಬಿಹಿಯ ಮಗ, ವಕೀಲರ ಕಚೇರಿಯ ಗುಮಾಸ್ತ,

ತಮ್ಮಾ ಎಂದು ಕರೆದಿಲ್ಲ. ಆ ಪತ್ರ ನಿನ್ನದಲ್ಲ ಎಂದು ಐವತ್ತು ಗಂಡಸರ ಎದುರು ನೀನೇ ಹೇಳಿದ್ದೀ. ಝಾಯಿದನದು ಎಂದು ಹಾಜಿ ತೀರ್ಪು ಕೊಟ್ಟಿದ್ದಾನೆ. ಒಪ್ಪಿದೆ. ನನಗೆ ಇದ್ದದ್ದು ಒಬ್ಬನೇ ತಮ್ಮ, ಅವನು ಗಣಿಯಲ್ಲಿ ಸತ್ತ. “ಆ ತುಂಡು ನಿನ್ನದೇ” ಎಂದವನು ಅವನೇ. ನೀನು ಯಾರೋ ನನಗೆ ಗೊತ್ತಿಲ್ಲ. ನಿನ್ನ ಹೆಂಡತಿ ಹಾಕಿಕೊಂಡಿರುವ ಪಿನ್ನು ನಮ್ಮ ಅಮ್ಮನದು, ನಿನಗೆ ಸಂಬಂಧವಿಲ್ಲದ್ದು. ಬಿಚ್ಚಿಸಿ ಕಳಿಸು.

ಡಿಸೆಂಬರ್ ಹದಿನೈದರಂದು ಯಂತ್ರ ಬಂತು. ಅಮ್ಮನ ಪೊದೆಯ ಬುಡಕ್ಕೆ ಅದು ಹಲ್ಲು ಹಾಕಿದಾಗ ಆದ ಸದ್ದನ್ನು ಬರೆಯಲು ಅಕ್ಷರ ಸಾಲದು. ಯಂತ್ರದವನು ತಲೆ ತಗ್ಗಿಸಿಕೊಂಡು ಹೇಳಿದ, “ನನ್ನನ್ನ ಬೈಬೇಡಿ ತಾಯೀ, ನಂಗೂ ಮಕ್ಕಳಿದಾರೆ.” ಬೈಯಲಿಲ್ಲ. ಬೇರನ್ನು ಜಜ್ಜದೆ ಎತ್ತು ಎಂದಷ್ಟೇ ಕೇಳಿಕೊಂಡೆ. ಅವನು ನಿಧಾನವಾಗಿ ಎತ್ತಿದ. ನಿನ್ನಲ್ಲಿ ಇರದಿದ್ದ ಮರ್ಯಾದೆ ಅವನ ಯಂತ್ರದಲ್ಲಿತ್ತು.

ಕಿತ್ತದ್ದನ್ನೆಲ್ಲ ರಸ್ತೆಬದಿ ಸುರಿದು ಹೋದರು. ಹಾಡಹಗಲೇ ನಾವು ಸಂಘದ ಹೆಂಗಸರು ಮೂರು ಕತ್ತೆಗಳ ಮೇಲೆ ಹೇರಿ ತಂದೆವು. ಇಪ್ಪತ್ತೆರಡು ಎಳೆಯ ಗಿಡ. ಅಮ್ಮನ ಹಳೆಯ ಬೇರುಗಳನ್ನು ಸೀಳಿದಾಗ ಇನ್ನು ಹದಿನೈದು. ಸಂಘದಲ್ಲಿ ನಾವು ಮೂವತ್ತೇಳು ಜನ. ಎಣಿಸಿ ಸೀಳಿದ್ದಲ್ಲ, ಹಾಗೆ ಬಂತು. ಈಗ ಅವು ಸಂಘದ ಹಿತ್ತಿಲಲ್ಲಿ ಒದ್ದೆ ಗೋಣಿಯ ಕೆಳಗೆ ಮಣ್ಣಿನಲ್ಲಿವೆ. ನಾನು ಒಂದೊಂದನ್ನೂ ಉಗುರಿನಿಂದ ಕೆರೆದು ನೋಡಿದ್ದೇನೆ. ಒಳಗೆ ಹಸಿರಿದೆ.

ನಾನೊಬ್ಬಳೇ ಎಂದುಕೊಂಡಿದ್ದೆ. ನಿನ್ನ ಕೊನೆಯ ಪತ್ರವನ್ನು ನಜಾತಳ ತರಗತಿಯಲ್ಲಿ ಜೋರಾಗಿ ಓದಿದೆ. ಓದಲು ಬೇರೆ ಪಾಠ ಬೇಕಾಗಲಿಲ್ಲ. ಕಂಬಳಿ ಹೊದ್ದು ನಿಲ್ಲುವ ಮಾತು ಬಂದಾಗ ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬಳ ಬಾದಾಮಿ ಮರಗಳು ಭಾವನ ಪಾಲಾಗಿವೆ. ಒಬ್ಬಳ ಹೊಲ, ಅವಳು ಹೆರಿಗೆಗೆ ಹೋಗಿದ್ದಾಗ ಚಿಕ್ಕಪ್ಪನ ಹೆಸರಿಗೆ ಹೋಗಿದೆ. ಇಜ್ಜಾ ಕೊನೆಯಲ್ಲಿ ಹೇಳಿದಳು: “ನನ್ನ ಗಂಡನ ಪಾಲನ್ನ ಇದೇ ಹಾಜಿ ಬೂಜಮಾ ಉಳ್ತಿದಾನೆ. ಮೂವತ್ತು ವರ್ಷ ಆಯ್ತು. ಅವನ ಕೂಲಿಗೆ ಆ ಹುಳಿ ಗುಲಾಬಿ ನೆಟ್ಟೋಳು ನಾನೇ ಕಣ್ರೇ. ಬೇಕಂತ್ಲೇ ಕೆಟ್ಟದ್ದನ್ನ ಆರಿಸಿದ್ದೆ.”

ಬಯಲುಸೀಮೆಯ ಊರುಗಳಲ್ಲಿ ಹೆಂಗಸರು ಸರ್ಕಾರಿ ಕಚೇರಿಯ ಮುಂದೆ ಕುಳಿತು ತಮ್ಮ ಪಾಲು ಕೇಳುತ್ತಿದ್ದಾರೆ ಎಂದು ನಜಾತ್ ಹೇಳಿದಳು. ನಾವು ಕೂರುವುದಿಲ್ಲ, ಅಗೆಯುತ್ತೇವೆ. ಹಳೆಯ ಗೆರೆಯ ಮೇಲೆ, ನಲವತ್ತೆರಡು ಮೊಳವೂ, ವಾಸನೆಯಿಲ್ಲದ ನಿಮ್ಮ ಕೆಂಪು ಗಿಡಗಳ ಮುಂದೆಯೇ ಮೊದಲ ಇಪ್ಪತ್ತೆರಡು. ಮಿಕ್ಕ ಹದಿನೈದು ಹಾಜಿ ಉಳುತ್ತಿರುವ ಇಜ್ಜಾಳ ಹೊಲದಂಚಿಗೆ. ಮುಂದಿನ ಹೂಗಾಲದ ಮರಿಗಳು ಉಳಿದವರ ಹೊಲಗಳಿಗೆ. ಯಾರು ನೆಡು ಅಂದದ್ದು ಎಂದು ಸಭೆ ಕೇಳಿದರೆ ಮೂವತ್ತೇಳು ಜನ “ನಾನು” ಅನ್ನುತ್ತೇವೆ. ಈ ಸಲ ತಕರಾರು ಇಲ್ಲದೆ ಹೂಗಾಲ ಕಳೆಯುತ್ತದೆ ಎಂಬ ಭ್ರಮೆ ನಮಗಿಲ್ಲ. ಜೈಲಿಗೆ ಹಾಕಿಸುತ್ತಾರೆ ಎಂದು ಹಾಜಿ ಹೇಳಿ ಕಳಿಸಿದ್ದಾನೆ. ಅಲ್ಲಿಯೂ ಬೇರೆ ಬಾಗಿಲಿನ ಕೋಣೆ ಇರುತ್ತದಂತೆ.

ನಿನ್ನ ನಾಲ್ಕು ಪತ್ರಗಳ ನಕಲನ್ನು ಊರ ಪ್ರತಿ ಬಾಗಿಲಿಗೂ ಅಂಟಿಸಿದ್ದೇವೆ. ಹೆಸರಿಲ್ಲವಲ್ಲ, ಯಾರೂ ತಮ್ಮದು ಎನ್ನಲಾರರು. ಈ ಪತ್ರದ ನಕಲು ನಿನ್ನ ವಕೀಲರಿಗೂ ಹೋಗಿದೆ.

ಬರುವುದಾದರೆ ಗುದ್ದಲಿ ತಾ, ಗುಂಡಿ ತೋಡಲು ಒಬ್ಬ ಕೂಲಿಯವನು ಬೇಕು. ಕೆಲಸ ಮುಗಿದ ಮೇಲೆ ನಾವು ಹೇಳಿದಂತೆ, ನಾವು ಹೇಳಿದ ಜಾಗದಲ್ಲಿ ತೋಡಿದೆ ಎಂದು ಬರೆದು ಹೆಬ್ಬೆಟ್ಟು ಒತ್ತಬೇಕು.

ಜನವರಿ ಹದಿನಾಲ್ಕು, ಬುಧವಾರ, ಸಂತೆಯ ದಿನ. ಬೆಳಿಗ್ಗೆ ಒಂಬತ್ತು ಗಂಟೆ. ಅಂಜೂರದ ಬುಡ.

ತೂದಾ, ಬಿಹಿಯ ಮಗಳು
ಮತ್ತು ಮೂವತ್ತಾರು ಹೆಸರು, ಮೂವತ್ತಾರು ಹೆಬ್ಬೆಟ್ಟು